ಸಂಗನಮಡುವಿನ ಪುರಿ

ಜಯನಗರ ನಾಲ್ಕನೇ ಬ್ಲಾಕಿನ ತನ್ನ ಬಟನ್ ಅಂಗಡಿಯ ಗಲ್ಲಾದ ಹಿಂದೆ ಕೂತು ಚಿದಾನಂದ ಫೋನು ನೋಡುತ್ತಾ ಕುದಿಯುತ್ತಿದ್ದ. ಎದುರಿಗೆ ಬ್ಲೌಸ್ ಪೀಸು ಹಿಡಿದು ಮ್ಯಾಚಿಂಗ್ ದಾರಕ್ಕೆ ನಿಂತಿದ್ದ ಹೆಂಗಸು ಎರಡು ಸಲ ಕರೆದರೂ ಅವನಿಗೆ ಕೇಳಿಸಲಿಲ್ಲ. ಫೋನಿನಲ್ಲಿ ನರೇಂದ್ರ ಎಂಬ ಪುಣ್ಯಾತ್ಮ ಅಂಗೈ ಮೇಲೆ ಬಿಳಿ ಕಾಳಿನಂಥದ್ದೊಂದನ್ನು ಇಟ್ಟುಕೊಂಡು, ಇದು ತನ್ನದೇ ಶೋಧನೆ, ಹೆಸರು ಟೆಂಪಲ್ ರೈಸ್, ಇದನ್ನು ನೀರಿಗೆ ಬಿಟ್ಟರೆ ಕಾವೇರಿಯ ಯಾವ ಮೀನೂ ಬೇಡ ಅನ್ನುವುದಿಲ್ಲ ಎಂದು ಹಲ್ಲು ಕಿರಿಯುತ್ತಿದ್ದ. ಆ ಬಿಳಿ ಕಾಳನ್ನು ಚಿದಾನಂದ ಇದೇ ಗಲ್ಲಾದ ಹಿಂದೆ ಕೂತು, ಊಟದ ನಂತರ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ದಾರ ಸುತ್ತಿ ಗಾಳಕ್ಕೆ ಮೊದಲ ಸಲ ಕಟ್ಟಿದ್ದ. ಅದರ ತುದಿ ಕಂದಾಗಿರುವುದು ಅವನು ಬೆಂಕಿಕಡ್ಡಿ ತಾಗಿಸಿದ್ದರಿಂದ. ನರೇಂದ್ರ ಆ ಕಂದು ಬಣ್ಣವನ್ನೂ ನಕಲು ಮಾಡದೆ ಬಿಟ್ಟಿರಲಿಲ್ಲ.

ಕದ್ದದ್ದು ಕದ್ದ, ಹೆಸರಾದರೂ ನೆಟ್ಟಗೆ ಇಡಬಾರದೇ ಎಂದು ಗೊಣಗಿಕೊಂಡು ಅವನು ವಿಡಿಯೋ ಮುಂದಕ್ಕೆ ಓಡಿಸಿದ. ಆಮೇಲೆ ಕಂಡದ್ದರ ಮುಂದೆ ಕಳ್ಳತನ ಏನೇನೂ ಅಲ್ಲ ಅನ್ನಿಸಿತು. ನರೇಂದ್ರ ಮತ್ತು ಅವನ ಗಿರಾಕಿಗಳು ನಿಂತಿದ್ದ ಕಲ್ಲಿನ ಮೆಟ್ಟಿಲು, ನೀರಿನ ಕಡೆ ಮುಖ ಮಾಡಿ ಕೂತ ಕಿವಿ ಮುರಿದ ಬಸವ, ಮೇಲೆ ಆಲದ ಮರ, ಎಲ್ಲವೂ ಅವನು ಹುಟ್ಟಿದಾಗಿನಿಂದ ನೋಡಿದ್ದು. ಅದು ಸಂಗನಮಡು. ಅವನ ತಾಯಿ ಶಾಂತಾದೇವಿಯವರ ತವರು.

ಸಂಗನಮಡುವಿನಲ್ಲಿ ಕಾವೇರಿ ಒಂದು ಸುತ್ತು ತಿರುಗಿ ಆಳವಾದ ಮಡುವಾಗಿ ನಿಲ್ಲುತ್ತಾಳೆ. ದಡದಲ್ಲಿ ಈಶ್ವರನ ಸಣ್ಣ ಗುಡಿ. ಅಲ್ಲಿನ ದೊಡ್ಡ ದೊಡ್ಡ ಬಿಳಿಮೀನುಗಳು, ಪೇಟೆಯವರು ಮಹಶೀರ್ ಅನ್ನುತ್ತಾರಲ್ಲ ಅವು, ಈಶ್ವರನ ಮೀನು ಎಂದೇ ಲೆಕ್ಕ. ಬೆಸ್ತರು ಕೂಡ ಗುಡಿಯ ಎಲ್ಲೆ ದಾಟಿದ ಮೇಲೇ ಬಲೆ ಬಿಚ್ಚುತ್ತಾರೆ. ಊರಿನವರಲ್ಲಿ ಒಂದು ನಡವಳಿಕೆ ಇದೆ. ಮನೆಯಲ್ಲಿ ಯಾರಾದರೂ ಲಿಂಗೈಕ್ಯರಾದರೆ ಆ ವರ್ಷದ ಕಾರ್ತೀಕ ಸೋಮವಾರ ಅವರ ಹೆಸರು ಹಿಡಿದು ಕರೆದು ಮೀನಿಗೆ ಪುರಿ ಹಾಕುತ್ತಾರೆ. ಮೀನು ಮೇಲೆ ಬಂದು ಬಾಯಿ ಹಾಕಿದರೆ ಹೋದವರು ನೆಮ್ಮದಿಯಾಗಿದ್ದಾರೆ ಎಂದರ್ಥ. ಬಾಯಿ ಹಾಕದಿದ್ದರೆ ಏನರ್ಥ ಎಂದು ಯಾರೂ ಯೋಚಿಸಿದ್ದಿಲ್ಲ, ಯಾಕೆಂದರೆ ಯಾವತ್ತೂ ಹಾಗಾದದ್ದಿಲ್ಲ.

ಚಿದಾನಂದನ ತಂದೆ ಗುರುಶಾಂತಪ್ಪ ಹೋದದ್ದು ಈ ಆಷಾಢದಲ್ಲಿ. ಆಸ್ಪತ್ರೆಯಲ್ಲಿ ಅವರು ಕಣ್ಣು ಮುಚ್ಚಿದಾಗ ಶಾಂತಾದೇವಿ ಪಕ್ಕದಲ್ಲಿರಲಿಲ್ಲ. ರಾತ್ರಿಯೆಲ್ಲ ಕೂತು ತಲೆ ಸಿಡಿಯುತ್ತಿತ್ತೆಂದು ಕೆಳಗೆ ಕ್ಯಾಂಟೀನಿಗೆ ಕಾಫಿ ಕುಡಿಯಲು ಹೋಗಿದ್ದರು. ಅವತ್ತಿನಿಂದ ಆಕೆ ಕಾಫಿ ಬಿಟ್ಟಿದ್ದರು, ಮತ್ತು ಕಾರ್ತೀಕಕ್ಕೆ ಕಾಯುತ್ತಿದ್ದರು. ಮೀನು ಬಾಯಿ ಹಾಕಿದರೆ ಸಾಕು, ಅವರಿಗೆ ನನ್ನ ಮೇಲೆ ಸಿಟ್ಟಿಲ್ಲ ಅಂತ ತಿಳ್ಕೋತೀನಿ ಎಂದು ಸೊಸೆ ಸಂಗೀತಾಳ ಹತ್ತಿರ ಒಂದೇ ಒಂದು ಸಲ ಹೇಳಿದ್ದರು. ಆ ಸೋಮವಾರ ಇನ್ನೇನು ಬರುವುದರಲ್ಲಿತ್ತು. ಅಷ್ಟರಲ್ಲಿ ಈ ನರೇಂದ್ರ ಅದೇ ಮೆಟ್ಟಿಲ ಮೇಲೆ ನಿಂತು, ಆ ಮೀನುಗಳ ಕಿವಿರಿನೊಳಗೆ ಬೆರಳು ತೂರಿಸಿ ಎತ್ತಿ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಮಲಗಿಸಿ, ಬಿಟಿಎಂ ಲೇಔಟಿನ ಆಫೀಸು ಹುಡುಗರಿಂದ ಸರದಿಯಲ್ಲಿ ಫೋಟೋ ತೆಗೆಸುತ್ತಿದ್ದ.

ಚಿದಾನಂದನ ಹೊಟ್ಟೆ ಉರಿದದ್ದರಲ್ಲಿ ತಪ್ಪಿಲ್ಲ. ಆದರೆ ಅವನ ಕೈಗೂ ಆ ಬಿಳಿ ಕಾಳಿಗೂ ಇರುವ ನಂಟನ್ನು ಹೇಳದೆ ಮುಂದಕ್ಕೆ ಹೋದರೆ ನರೇಂದ್ರನಿಗೆ ಅನ್ಯಾಯವಾಗುತ್ತದೆ, ಅವನು ಎಂಥವನೇ ಆಗಿರಲಿ.

ಲಿಂಗ ಕಟ್ಟಿದ ಮನೆತನ, ಮೊಟ್ಟೆ ಹಾಕಿದ ಕೇಕೆಂದು ಗೊತ್ತಾದರೆ ತಟ್ಟೆ ಸರಿಸುವ ಮನುಷ್ಯ, ಮೀನು ಹಿಡಿಯುತ್ತಾನೆ ಎಂದರೆ ಯಾರು ನಂಬಬೇಕು? ಆದರೆ ಚಿದಾನಂದ ಹಿಡಿಯುತ್ತಿದ್ದ, ಹಿಡಿದು ಬಿಡುತ್ತಿದ್ದ. ಹಿಂದೊಮ್ಮೆ ಒಬ್ಬ ಗಿರಾಕಿ ಜರಿ ದಾರ ಕೊಳ್ಳಲು ಬಂದು, ಇದು ಸೀರೆಗಲ್ಲ, ಗಾಳಕ್ಕೆ ಹುಳ ಕಟ್ಟೋದಕ್ಕೆ ಎಂದಾಗ ತಗುಲಿಕೊಂಡ ಗೀಳು. ಎರೆಹುಳ ಸಿಕ್ಕಿಸಿ ದಡದಲ್ಲಿ ಬೀಡಿ ಸೇದುತ್ತಾ ಕೂರುವ ಮೀನುಗಾರಿಕೆ ಅಲ್ಲ ಇದು, ಫ್ಲೈ ಫಿಶಿಂಗು. ಇದರಲ್ಲಿ ತುದಿಯ ಹುಳ ದಾರದಲ್ಲಿ ಕಟ್ಟಿದ ಸುಳ್ಳು ಹುಳ, ಅದಕ್ಕೆ ತೂಕವೇ ಇಲ್ಲ. ತೂಕ ಇರುವುದು ಲೈನಿಗೆ, ಅಂದರೆ ಅದರ ಹಿಂದಿನ ದಪ್ಪ ದಾರಕ್ಕೆ. ರಾಡನ್ನು, ಅಂದರೆ ಗಾಳದ ಕೋಲನ್ನು, ಹಿಂದಕ್ಕೆ ಬೀಸಿ, ಲೈನು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಾಳ್ಮೆಯಿಂದ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಕಾಯದವನ ಲೈನು ಅವನ ಕುತ್ತಿಗೆಗೇ ಸುತ್ತಿಕೊಳ್ಳುತ್ತದೆ. ಭಾನುವಾರ ಬೆಳಿಗ್ಗೆ ಅವನು ಸೇರಿಕೊಂಡಿದ್ದ ಫ್ಲೈ ಫಿಶಿಂಗ್ ಕ್ಲಬ್ಬಿನವರು ಜಯನಗರದ ಮೈದಾನದಲ್ಲಿ ಹುಲ್ಲಿನ ಮೇಲೆ ಇದನ್ನು ಅಭ್ಯಾಸ ಮಾಡುವಾಗ, ವಾಕಿಂಗ್ ಬಂದ ಹಿರಿಯರು ನಿಂತು ಆಕಾಶ ನೋಡಿ, ಗಾಳಿಪಟ ಎಲ್ಲಿ ಹೋಯ್ತು ಎಂದು ಕೇಳುತ್ತಿದ್ದರು.

ಕ್ಲಬ್ಬಿನ ಕಟ್ಟುಪಾಡುಗಳನ್ನು ಚಿದಾನಂದ ವ್ರತದ ಹಾಗೆ ಪಾಲಿಸುತ್ತಿದ್ದ. ಗಾಳದ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಬೇಕು, ಆಗ ತೆಗೆಯುವಾಗ ಮೀನಿನ ತುಟಿ ಹರಿಯುವುದಿಲ್ಲ. ತುದಿಯ ದಾರ ಗಟ್ಟಿಯಿರಬೇಕು, ಸಣ್ಣ ದಾರದಲ್ಲಿ ಗಂಟೆಗಟ್ಟಲೆ ಆಡಿಸಿದರೆ ಮೀನು ಸುಸ್ತಾಗಿ ಬಿಟ್ಟ ಮೇಲೆ ಸಾಯುತ್ತದೆ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು, ಒಣಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಮೀನು ನೀರು ಬಿಟ್ಟು ಮೇಲೆ ಬರಕೂಡದು. ಇವೆಲ್ಲದರ ಮೇಲೆ ಅವನದೇ ಒಂದು ಮಡಿ ಬೇರೆ. ಬೇರೆಯವರು ಹುಳ ಕಟ್ಟಲು ಕೋಳಿ ಪುಕ್ಕ, ಜಿಂಕೆ ಕೂದಲು ಬಳಸಿದರೆ ಅವನು ಅಂಗಡಿಯ ದಾರ, ಜರಿ, ಉಲ್ಲನ್ನು ಬಿಟ್ಟು ಇನ್ನೊಂದು ಮುಟ್ಟುತ್ತಿರಲಿಲ್ಲ. ಮೀನಿನ ತುಟಿಗೆ ಗಾಳ ಚುಚ್ಚಬಹುದು, ಕೋಳಿ ಪುಕ್ಕ ಮಾತ್ರ ಮೈಲಿಗೆ. ಇದರಲ್ಲಿ ಏನೋ ಎಡವಟ್ಟಿದೆ ಎಂದು ಅವನಿಗೆ ಒಂದು ದಿನವೂ ಅನ್ನಿಸಲಿಲ್ಲ.

ಶಾಂತಾದೇವಿಗೆ ಮಾತ್ರ ಮಗ ಗೆಳೆಯರ ಜೊತೆ ಹೊಳೆ ನೋಡಲು ಹೋಗುತ್ತಾನೆ ಎಂದಷ್ಟೇ ಗೊತ್ತಿತ್ತು. ರಾಡು ಅಂಗಡಿಯಲ್ಲಿ ಲೇಸಿನ ಉರುಳೆಗಳ ಹಿಂದೆ ಇರುತ್ತಿತ್ತು. ಕ್ಲಬ್ಬಿಗೆ ಅನುಮತಿಯಿದ್ದ ಜಾಗ ಸಂಗನಮಡುವಿನಿಂದ ಒಂದಿಷ್ಟು ಕೆಳಗೆ, ಅದೇ ನೀರು. ಅದನ್ನು ಕೇಳಿ ಶಾಂತಾದೇವಿ ಪ್ರತಿ ಸಲವೂ ಬಟ್ಟೆಯ ಚೀಲದ ತುಂಬ ಪುರಿ ಕಟ್ಟಿಕೊಡುತ್ತಿದ್ದರು. ಮಂಡಿನೋವಿನಿಂದ ತನಗಂತೂ ಆಗಾಗ ಹೋಗಲು ಆಗುವುದಿಲ್ಲ, ಮಗನಾದರೂ ನಮ್ಮೂರ ಮೀನಿಗೆ ಎರಡು ಹಿಡಿ ಹಾಕಲಿ ಎಂದು.

ಹಿಂದಿನ ಒಂದು ಕಾರ್ತೀಕ ಸೋಮವಾರ ಕ್ಲಬ್ಬಿನ ಜಾಗದಲ್ಲಿ ಮೀನುಗಳು ಯಾರ ಹುಳಕ್ಕೂ ಬಾಯಿ ಹಾಕಲಿಲ್ಲ. ಕಣ್ಣೆದುರಿಗೇ ಮೇಲೆ ಬಂದು ಏನನ್ನೋ ಹೀರಿಕೊಂಡು ಮುಳುಗುತ್ತಿದ್ದವು. ಚಿದಾನಂದ ಮೊಳಕಾಲುದ್ದ ನೀರಿಗಿಳಿದು ನೋಡಿದರೆ ಗುಡಿಯ ಕಡೆಯಿಂದ ಪುರಿ ತೇಲಿ ಬರುತ್ತಿತ್ತು. ಮೀನು ಏನು ತಿನ್ನುತ್ತಿದೆಯೋ ಅದನ್ನೇ ಕಟ್ಟು ಎನ್ನುವುದು ಈ ವಿದ್ಯೆಯ ಮೊದಲ ಪಾಠ. ಅವನು ಬೆಂಗಳೂರಿಗೆ ಬಂದವನೇ ಪುರಿ ಕಟ್ಟಲು ಕೂತ. ಮೊದಲು ಬ್ಲೌಸಿಗೆ ಹಾಕುವ ಪ್ಯಾಡಿನ ಸ್ಪಂಜು ಕತ್ತರಿಸಿದ, ಅದು ನೀರು ಕುಡಿದು ಮುಳುಗಿತು. ಶಾಲೆ ಮಕ್ಕಳ ಕ್ರಾಫ್ಟಿಗೆ ಮಾರುವ ಬಿಳಿ ಫೋಮ್ ಹಾಳೆ ಮುಳುಗಲಿಲ್ಲ. ಅದನ್ನು ನಡುವೆ ಉಬ್ಬಿಸಿ, ಕೆನೆಬಣ್ಣದ ದಾರದಲ್ಲಿ ಒಂದು ಗೆರೆ ಕೂರಿಸಿ, ತುದಿಗೆ ಬೆಂಕಿಕಡ್ಡಿ ತಾಗಿಸಿದ ಮೇಲೆ ನಿಜವಾದ ಪುರಿಯ ಪಕ್ಕ ಇಟ್ಟರೆ ಸಂಗೀತಾಳಿಗೂ ಗುರುತು ಸಿಗಲಿಲ್ಲ.

ಕಟ್ಟಿದರೆ ಸಾಲದು, ಬಿಡುವುದೂ ಗೊತ್ತಿರಬೇಕು. ಪುರಿ ನೀರಿನ ಜೊತೆ ಹೋಗುತ್ತದೆ, ನೀರನ್ನು ಸೀಳಿಕೊಂಡು ಹೋಗುವುದಿಲ್ಲ. ಲೈನು ಎಳೆದು ಅದರ ಹಿಂದೆ ಒಂದು ಗೀರು ಮೂಡಿತೋ, ಮೀನು ಮುಖ ತಿರುಗಿಸಿತು. ಆದ್ದರಿಂದ ಹರಿವಿನ ಮೇಲ್ಗಡೆಗೆ ಎಸೆದು, ನಡುವೆ ಬಾಗುವ ಲೈನಿನ ಹೊಟ್ಟೆಯನ್ನು ಆಗಾಗ ಎತ್ತಿ ಹಿಂದಕ್ಕೆ ಹಾಕುತ್ತಾ, ಪುರಿಯನ್ನು ಅದರ ಪಾಡಿಗೆ ತೇಲಿಬಿಡಬೇಕು. ಇನ್ನೊಂದು ತೊಡಕು, ಕಾರ್ತೀಕ ಕಳೆದ ಮೇಲೆ ಹೊಳೆಯಲ್ಲಿ ದಿನಾ ಪುರಿ ಬರುವುದಿಲ್ಲ. ಅದಕ್ಕೂ ಚಿದಾನಂದ ಉಪಾಯ ಹುಡುಕಿದ. ಅಮ್ಮ ಕಟ್ಟಿಕೊಟ್ಟ ಚೀಲ ಬಿಚ್ಚಿ ಹಿಡಿ ಹಿಡಿಯಾಗಿ ನೀರಿಗೆ ಚೆಲ್ಲುವುದು, ಮೀನುಗಳು ನಂಬಿ ಮೇಲೆ ಬಂದು ತಿನ್ನತೊಡಗಿದ ಮೇಲೆ ನಡುವೆ ತನ್ನದೊಂದನ್ನು ತೇಲಿಬಿಡುವುದು. ಅಮ್ಮನ ಸೇವೆಯೂ ಸಂದಿತು, ತನ್ನ ಕೆಲಸವೂ ಆಯಿತು. ಕ್ಲಬ್ಬಿಗೆ ಹೊಸದಾಗಿ ಸೇರಿದ್ದ ನರೇಂದ್ರ ಬಾಯಿ ಬಿಟ್ಟುಕೊಂಡು ನೋಡಿ, ನೀವು ಜೀನಿಯಸ್ ಸಾರ್ ಎಂದಾಗ ಅವನು ಉಬ್ಬಿಹೋಗಿ ಎಲ್ಲವನ್ನೂ ಹೇಳಿಕೊಟ್ಟಿದ್ದ, ಅಮ್ಮನ ಚೀಲದ ಕಥೆಯನ್ನೂ ಸೇರಿಸಿ.

ಈಗ ಅದೇ ನರೇಂದ್ರ ಜೆಪಿ ನಗರದ ರಿಂಗ್ ರೋಡಿನ ಪಕ್ಕ ಮೊದಲ ಮಹಡಿಯಲ್ಲಿ ಅಂಗಡಿ ಹಾಕಿಕೊಂಡು, ರಾಡು ರೀಲು ಮಾರುತ್ತಾ, ವಾರಾಂತ್ಯಕ್ಕೆ ಜನರನ್ನು ಹೊಳೆಗೆ ಕರೆದೊಯ್ಯುತ್ತಿದ್ದ. ಚಿದಾನಂದ ಶಟರ್ ಅರ್ಧಕ್ಕೆ ಎಳೆದು, ಸ್ಕೂಟರ್ ಹತ್ತಿ ಸೀದಾ ಅಲ್ಲಿಗೆ ಹೋದ. ದಾರಿಯುದ್ದಕ್ಕೂ ಸಿಗ್ನಲ್ ಸಿಗ್ನಲ್ಲಿಗೂ ಮಾತು ಜೋಡಿಸಿಕೊಳ್ಳುತ್ತಾ ಹೋದ. ಮೆಟ್ಟಿಲು ಹತ್ತುವಷ್ಟರಲ್ಲಿ ಜೋಡಿಸಿದ್ದೆಲ್ಲ ಚೆದುರಿ ಬರೀ ಸಿಟ್ಟು ಉಳಿದಿತ್ತು.

ನರೇಂದ್ರ ನಗುನಗುತ್ತಾ ಕುರ್ಚಿ ಎಳೆದುಕೊಟ್ಟ. ಚಿದಾನಂದ ಕೂರಲಿಲ್ಲ. ಗಾಳದ ಮುಳ್ಳು ಒತ್ತಿಲ್ಲ, ಕೈ ಒದ್ದೆ ಮಾಡಿಲ್ಲ, ಮೀನನ್ನು ಕಲ್ಲ ಮೇಲೆ ಒಣಗಿಸಿದ್ದೀಯ ಎಂದು ಶುರು ಮಾಡಿ, ಕೊನೆಗೆ ಅಸಲು ಮಾತಿಗೆ ಬಂದ. ಅದು ದೇವರ ಮಡು, ಜನ ಕೈಯಾರೆ ತಿನ್ನಿಸಿ ಸಾಕಿದ ಮೀನು, ಅವಕ್ಕೆ ಮನುಷ್ಯರ ಭಯವೇ ಇಲ್ಲ, ಅಂಥವನ್ನು ಪುರಿ ತೋರಿಸಿ ಹಿಡಿಯಲು ನಾಚಿಕೆ ಆಗುವುದಿಲ್ಲವೇ ಎಂದು ಕೇಳಿದ. ವಿಡಿಯೋ ತೆಗೆಯಬೇಕು, ಕಾರ್ತೀಕ ಮುಗಿಯುವವರೆಗಾದರೂ ಆ ಕಡೆ ಕಾಲಿಡಕೂಡದು ಎಂದ.

ನರೇಂದ್ರ ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡ. ಅದೇ ಚಿದಾನಂದನನ್ನು ಇನ್ನಷ್ಟು ಕೆರಳಿಸಿತು.

“ಸಾರ್, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ,” ಎಂದ ನರೇಂದ್ರ. “ಕ್ಲಬ್ ಜಾಗದಲ್ಲಿ ನೀವು ಹಿಡಿಯೋ ಮೀನು ಪುರಿ ತಿನ್ನೋದನ್ನ ಎಲ್ಲಿ ಕಲಿತ್ವು? ಗುಡಿ ಹತ್ರನೇ ಅಲ್ವಾ? ನೀರು ಜಾಸ್ತಿ ಆದಾಗ ಕೆಳಗೆ ಬರ್ತವೆ, ನೀವು ಹಿಡೀತೀರ. ನಾನು ಅವುಗಳ ಮನೆಗೇ ಹೋದೆ, ಅಷ್ಟೇ. ಪುರಿ ಚೆಲ್ಲಿ ನಂಬಿಸೋದನ್ನ ನೀವೇ ತಾನೇ ಹೇಳ್ಕೊಟ್ಟಿದ್ದು?”

ನರೇಂದ್ರ ಇನ್ನೂ ಒಂದು ಮಾತು ಸೇರಿಸಿದ. “ನಿಮ್ ಅಮ್ಮ ಪುರಿ ಕಟ್ಟಿಕೊಡೋ ಸ್ಟೋರಿ ಸಖತ್ತಾಗಿದೆ ಸಾರ್. ಪ್ರತಿ ಟ್ರಿಪ್ಪಲ್ಲೂ ಹೇಳ್ತೀನಿ, ಎಲ್ರೂ ತುಂಬಾ ಎಂಜಾಯ್ ಮಾಡ್ತಾರೆ.”

ಚಿದಾನಂದನಿಗೆ ಕಪಾಳಕ್ಕೆ ಬಾರಿಸಿಬಿಡೋಣ ಅನ್ನಿಸಿತು. ಬಾರಿಸುವ ಬದಲು, ನಿನ್ನನ್ನ ನೋಡ್ಕೋತೀನಿ ಎಂದು ಯಾವುದೋ ಹಳೆ ಸಿನಿಮಾದ ಖಳನಾಯಕನ ಹಾಗೆ ಕೂಗಿ ಕೆಳಗಿಳಿದ. ಹೆಲ್ಮೆಟ್ ಅಲ್ಲೇ ಮರೆತಿದ್ದ. ವಾಪಸು ಹೋಗಿ ಕೇಳಲು ಮಾನ ಅಡ್ಡ ಬಂತು. ಪೊಲೀಸರ ಕಣ್ಣು ತಪ್ಪಿಸಿ ಗಲ್ಲಿಗಲ್ಲಿಗಳಲ್ಲೇ ಬನಶಂಕರಿ ಎರಡನೇ ಹಂತದ ಮನೆ ಮುಟ್ಟುವಷ್ಟರಲ್ಲಿ ಸಿಟ್ಟು ಇನ್ನೂ ಹೆಚ್ಚಿತ್ತು.

ಅಲ್ಲಿಂದ ಮುಂದಿನ ದಿನಗಳೆಲ್ಲ ಚಿದಾನಂದ ಧರ್ಮಯುದ್ಧದಲ್ಲಿದ್ದ. ಕ್ಲಬ್ಬಿನ ವಾಟ್ಸಪ್ ಗುಂಪಿನಲ್ಲಿ ಉದ್ದುದ್ದ ಬರೆದ, ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾದರು. ಅಧ್ಯಕ್ಷರು ಮುಂದಿನ ಸಭೆಯಲ್ಲಿ ಚರ್ಚಿಸೋಣ ಎಂದರು. ಒಂದು ಇಲಾಖೆಯವರು ಇನ್ನೊಂದು ಇಲಾಖೆಗೆ ಫೋನ್ ಮಾಡಲು ಹೇಳಿದರು, ಅವರು ಮೊದಲಿನವರಿಗೇ ಮಾಡಲು ಹೇಳಿದರು. ಗುಡಿಯ ಅಯ್ಯನವರಾದ ಚನ್ನಬಸವಯ್ಯ ಮಾತ್ರ ಫೋನಿನಲ್ಲಿ ಬೇಜಾರಿನಿಂದ, ಜೀಪಲ್ಲಿ ಬರ್ತಾರೆ, ಮಂಗಳಾರತಿ ತಗೋತಾರೆ, ಆಮೇಲೆ ಕೋಲು ಬಿಚ್ತಾರೆ, ನಾನೊಬ್ಬ ಏನು ಮಾಡ್ಲಿ, ಒಂದು ಬೋರ್ಡಾದ್ರೂ ಹಾಕ್ಸಿಕೊಡಿ ಎಂದರು. ಚಿದಾನಂದ ಅವತ್ತೇ ಹೋಗಿ, ಇಲ್ಲಿ ಮೀನು ಹಿಡಿಯುವುದು ಮಹಾಪಾಪ ಎಂದು ಕೆಂಪಕ್ಷರದ ಫ್ಲೆಕ್ಸ್ ಮಾಡಿಸಿದ.

ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು. ಶಾಂತಾದೇವಿ ಪೂಜೆಗೆ ಒಳಗೆ ಹೋಗಿದ್ದ ಒಂದು ಸಂಜೆ ಸಂಗೀತಾ ರೊಟ್ಟಿ ಬಡಿಸುತ್ತಾ ಮೆಲ್ಲಗೆ ಕೇಳಿದಳು.

“ರೀ, ಅತ್ತೆ ಕೊಡೋ ಪುರಿ ಚೆಲ್ಲಿ ನೀವು ಹಿಡೀತಿದ್ರಲ್ಲ, ಅದು?”

ಅದು ಬೇರೆ ಇದು ಬೇರೆ ಎಂದ ಚಿದಾನಂದ. ಹೇಗೆ ಬೇರೆ ಎಂದು ಅವಳು ಕೇಳಿದಾಗ, ಮುಳ್ಳು ಒತ್ತಿದ ಗಾಳ, ಒದ್ದೆ ಕೈ, ಗಟ್ಟಿ ದಾರ, ಕ್ಲಬ್ಬಿನ ಅನುಮತಿ ಎಲ್ಲವನ್ನೂ ಬೆರಳು ಮಡಚಿ ಎಣಿಸಿದ. ಸಂಗೀತಾ ಪೂರ್ತಿ ಕೇಳಿಸಿಕೊಂಡು, “ಮೀನಿಗೆ ಇಷ್ಟೆಲ್ಲ ಗೊತ್ತಾ?” ಎಂದಳು. ಅವನು ತಟ್ಟೆ ಬಿಟ್ಟು ಎದ್ದ. ಮನೆಯವರೇ ಹೀಗಂದರೆ ಹೊರಗಿನವರಿಗೆ ಏನು ಹೇಳುವುದು ಎಂದು ಬಾಲ್ಕನಿಯಲ್ಲಿ ನಿಂತು ತನಗೆ ತಾನೇ ಅಂದುಕೊಂಡ.

ಆ ಸೋಮವಾರ ಬಂತು. ಅಂಗಡಿಗೆ ರಜೆ ಹಾಕಿ, ಮಗಳು ಸಿರಿಯ ಕಾಲೇಜಿಗೂ ಚಕ್ಕರ್ ಹೊಡೆಸಿ, ನಾಲ್ವರೂ ಕಾರಿನಲ್ಲಿ ಹೊರಟರು. ಶಾಂತಾದೇವಿ ಮುಂದಿನ ಸೀಟಿನಲ್ಲಿ ಪುರಿಯ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಬೆಳಿಗ್ಗೆಯಿಂದ ಬಾಯಿಗೆ ಒಂದು ಹನಿ ನೀರು ಹಾಕಿರಲಿಲ್ಲ. ಚಿದಾನಂದ ದಾರಿಯುದ್ದಕ್ಕೂ ನರೇಂದ್ರನೆಂಬ ಒಬ್ಬ ನೀಚನ ಕಥೆ ಹೇಳಿದ. ಅವನು ದೇವರ ಮಡುವಿಗೆ ಬಂದು ಮೀನಿಗೆ ಮೋಸ ಮಾಡುವುದನ್ನು, ಪುರಿಯ ಹಾಗೇ ಕಾಣುವ ಗಾಳ ಬಿಡುವುದನ್ನು, ಅವನ ಅಂಗಡಿಯನ್ನು, ಅವನ ಹಲ್ಲನ್ನು, ಒಂದನ್ನೂ ಬಿಡಲಿಲ್ಲ. ಆ ಪುರಿಯನ್ನು ಮೊದಲು ಕಟ್ಟಿದ್ದು ಯಾರೆಂಬುದೊಂದನ್ನು ಬಿಟ್ಟ. ಹಿಂದಿನ ಸೀಟಿನಲ್ಲಿ ಸಂಗೀತಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಶಾಂತಾದೇವಿ ಎಲ್ಲವನ್ನೂ ಕೇಳಿಸಿಕೊಂಡು, “ಹೆತ್ತೋರು ಇದಾರಾ ಅವನಿಗೆ?” ಎಂದು ಕೇಳಿದರು.

ಇದ್ದಾರೆ ಎಂದ ಚಿದಾನಂದ.

“ಪಾಪ, ಅವರಿಗೆ ಗೊತ್ತಿರಲ್ಲ ಅನ್ಸತ್ತೆ. ಗೊತ್ತಿದ್ರೆ ಸುಮ್ನಿರ್ತಿರ್ಲಿಲ್ಲ.”

ಸಂಗನಮಡುವಿನಲ್ಲಿ ಅವತ್ತು ನರೇಂದ್ರನ ಜೀಪು ಇರಲಿಲ್ಲ. ಚಿದಾನಂದ ಫ್ಲೆಕ್ಸನ್ನು ಆಲದ ಕೊಂಬೆಗೆ ಎತ್ತರಕ್ಕೆ ಕಟ್ಟಿ, ದೂರ ನಿಂತು ನೋಡಿ, ಒಂದು ಕಡೆ ಇಳಿದಿದೆಯೆಂದು ಮತ್ತೆ ಬಿಚ್ಚಿ ಕಟ್ಟಿದ. ಗುಡಿಯಲ್ಲಿ ಪೂಜೆ ಮುಗಿಯಿತು. ಚನ್ನಬಸವಯ್ಯ ಹಚ್ಚಿದ ವಿಭೂತಿಯೊಂದಿಗೆ ಶಾಂತಾದೇವಿ ಸಿರಿಯ ಭುಜ ಹಿಡಿದು ಒಂದೊಂದೇ ಮೆಟ್ಟಿಲಿಳಿದು, ನೀರು ತಾಗುವ ಮೆಟ್ಟಿಲಿನಲ್ಲಿ ನಿಂತರು. ಮದುವೆಯಾದಾಗಿನಿಂದ ಒಮ್ಮೆಯೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸು. ರೇಷನ್ ಕಾರ್ಡಿನವರು ಕೇಳಿದರೂ ಮಗನ ಕಡೆ ತಿರುಗುತ್ತಿದ್ದರು. ಈಗ ಗಂಟಲು ಸರಿಮಾಡಿಕೊಂಡು ನೀರಿಗೆ ಹೇಳಿದರು.

“ಗುರುಶಾಂತಪ್ಪನೋರೇ, ತಗೊಳ್ಳಿ.”

ಪುರಿ ನೀರಿನ ಮೇಲೆ ಹರಡಿಕೊಂಡಿತು. ಮೊದಲಾಗಿದ್ದರೆ ಹಾಕುವ ಮುನ್ನವೇ ನೀರು ಕೊತಕೊತ ಕುದಿಯುತ್ತಿತ್ತು, ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು. ಈಗ ಒಂದೂ ಬರಲಿಲ್ಲ. ನೀರು ತಿಳಿಯಾಗಿತ್ತು, ಆಳದಲ್ಲಿ ಅವುಗಳ ಕಪ್ಪು ಬೆನ್ನು ಕಾಣುತ್ತಿತ್ತು. ಇದ್ದವು, ನೋಡುತ್ತಿದ್ದವು, ಮೇಲೆ ಬರುತ್ತಿರಲಿಲ್ಲ. ಶಾಂತಾದೇವಿ ಇನ್ನೊಂದು ಹಿಡಿ ಹಾಕಿದರು, ಮತ್ತೊಂದು ಹಿಡಿ ಹಾಕಿದರು. ಪುರಿ ಮೆಲ್ಲಗೆ ತಿರುಗಿ, ಮಡು ದಾಟಿ, ಕೆಳಗಿನ ಹರಿವಿಗೆ ಸಿಕ್ಕಿ ಹೊರಟುಹೋಯಿತು.

“ಸಿಟ್ಟು ಹೋಗಿಲ್ಲ ಅವರಿಗೆ,” ಎಂದರು ಶಾಂತಾದೇವಿ. ಯಾರಿಗೆ ಹೇಳಿದರೋ ಗೊತ್ತಾಗಲಿಲ್ಲ. “ನಾನು ಕಾಫಿಗೆ ಹೋಗ್ಬಾರ್ದಿತ್ತು.”

ಚಿದಾನಂದನಿಗೆ ನರೇಂದ್ರನನ್ನು ಕೊಂದುಬಿಡುವಷ್ಟು ಸಿಟ್ಟು ಬಂತು. ಅಮ್ಮನ ಈ ಕಣ್ಣೀರನ್ನು ಆ ರಿಂಗ್ ರೋಡಿನ ಅಂಗಡಿಗೆ ಹೊತ್ತುಕೊಂಡು ಹೋಗಿ ಅವನ ಮುಂದೆ ಸುರಿಯಬೇಕು ಅನ್ನಿಸಿತು. ಅಷ್ಟರಲ್ಲಿ ಸಿರಿ ಅಜ್ಜಿಯ ತೋಳು ಅಲುಗಿಸಿ ನೀರಿನ ಕಡೆ ಕೈ ತೋರಿಸಿದಳು.

ಒಂದು ಮೀನು ಬರುತ್ತಿತ್ತು. ದೊಡ್ಡ ಮೀನೇ, ಆದರೆ ನಿಧಾನವಾಗಿ, ಒಂದು ಪಕ್ಕಕ್ಕೆ ವಾಲಿಕೊಂಡು ಮೆಟ್ಟಿಲ ಹತ್ತಿರ ಬಂದು ನಿಂತಿತು. ಅದರ ಬಾಯಿಯ ಮೂಲೆಯಲ್ಲಿ ಬೆಳ್ಳಗೆ ಒಂದು ಪುರಿ ಕಾಣುತ್ತಿತ್ತು. ಶಾಂತಾದೇವಿಯವರ ಮುಖ ಅರಳಿತು. “ಬಂದ್ರು ನೋಡು ಸಿರಿ, ಬಾಯಲ್ಲೇ ಇಟ್ಕೊಂಡಿದಾರೆ,” ಎಂದು ಬುಟ್ಟಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈ ಮುಗಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ನಗುತ್ತಿದ್ದರು.

ಚಿದಾನಂದನಿಗೆ ನೋಡಿದ ಕೂಡಲೇ ತಿಳಿಯಿತು. ನಿಜವಾದ ಪುರಿ ಇಷ್ಟು ಹೊತ್ತಿಗೆ ನೆನೆದು ಕರಗುತ್ತಿತ್ತು. ಇದರ ತುದಿ ಕಂದಾಗಿತ್ತು. ಬಾಯಿಯಿಂದ ಒಂದು ಗೇಣು ದಾರ ನೀರಿನಲ್ಲಿ ಜೋಲಾಡುತ್ತಿತ್ತು. ಯಾರ ಕೈಯಿಂದಲೋ ಲೈನು ಕಡಿದುಕೊಂಡು ಬಂದ ಮೀನು. ದವಡೆ ಬಾತು ಬಾಯಿ ಮುಚ್ಚಲಾಗದೆ, ಕಣ್ಣೆದುರಿನ ಪುರಿ ತಿನ್ನಲಾಗದೆ, ಹಸಿವಿಗೆ ಮೆಟ್ಟಿಲ ತನಕ ಬಂದಿತ್ತು. ಹೊಟ್ಟೆ ಬೆನ್ನಿಗೆ ಹತ್ತಿತ್ತು.

ಸುಮ್ಮನಿದ್ದರೆ ಆಗುತ್ತಿತ್ತು. ಅಮ್ಮ ನೆಮ್ಮದಿಯಾಗಿ ಮನೆಗೆ ಹೋಗಿ ಊಟ ಮಾಡುತ್ತಿದ್ದರು, ನಾಳೆಯಿಂದ ಕಾಫಿಯನ್ನೂ ಕುಡಿಯುತ್ತಿದ್ದರೇನೋ. ಚಿದಾನಂದ ಒಂದು ಗಳಿಗೆ ಹಾಗೇ ನಿಂತ. ಮೀನು ಇನ್ನೊಮ್ಮೆ ಬಾಯಿ ಅಗಲಿಸಲು ನೋಡಿ, ಆಗದೆ, ಮೆಟ್ಟಿಲಿಗೆ ಮೈ ಒರಗಿಸಿತು. ಅವನು ಪಂಚೆಯ ಸಮೇತ ನೀರಿಗಿಳಿದ.

ಅಮ್ಮ ಏನೋ ಕೂಗಿದರು. ಅವನ ಕೈಗಳು ತಮ್ಮ ಪಾಡಿಗೆ ಕೆಲಸ ಮಾಡಿದವು. ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಹೊಟ್ಟೆಯ ಕೆಳಗೆ, ತಲೆ ಹರಿವಿಗೆ ಎದುರಾಗಿ, ಇಡೀ ಮೀನು ನೀರಿನೊಳಗೇ. ಸಿರಿಯನ್ನು ಕರೆದು ಬಾಲ ಹಿಡಿಸಿ, ಗಾಳವನ್ನು ಬೆರಳಿನಲ್ಲಿ ಒತ್ತಿ, ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿದ. ಮುಳ್ಳು ಒತ್ತಿರಲಿಲ್ಲ, ಒಂದು ಚೂರು ಚರ್ಮ ಕಿತ್ತುಕೊಂಡೇ ಬಂತು. ಮೀನನ್ನು ಹರಿವಿಗೆ ಹಿಡಿದು ನಿಂತ. ಅದು ಉಸಿರು ತುಂಬಿಕೊಂಡು, ಬಾಲ ಬೀಸಿ, ಪುರಿಯ ಕಡೆ ತಿರುಗಿಯೂ ನೋಡದೆ ಆಳಕ್ಕೆ ಇಳಿಯಿತು.

ಮೇಲೆ ಶಾಂತಾದೇವಿ ಅವನ ಕೈಗಳನ್ನೇ ನೋಡುತ್ತಿದ್ದರು.

“ಎಲ್ಲಿ ಕಲಿತೆ ಇದನ್ನ?” ಎಂದರು.

ಚಿದಾನಂದ ಅಂಗೈ ಬಿಚ್ಚಿದ. ಆಕೆ ಆ ಪುರಿಯನ್ನು ಎತ್ತಿಕೊಂಡು, ಎರಡು ಬೆರಳಿನ ನಡುವೆ ಒತ್ತಿ, ಮೂಗಿನ ಹತ್ತಿರ ತಂದು ಮೂಸಿದರು. ಅದು ಏನೆಂದು ಅರಿವಾಗಲು ಹೊತ್ತು ಹಿಡಿಯಲಿಲ್ಲ. ಕಾರಿನಲ್ಲಿ ಮಗನೇ ಅಷ್ಟುದ್ದ ವಿವರಿಸಿದ್ದ.

“ಆ ನರೇಂದ್ರ ಮಾಡಿದ್ದಾ?”

ಹೌದು ಅನ್ನಬಹುದಿತ್ತು. ಈ ಗಾಳ ನರೇಂದ್ರನದು, ಈ ಮುಳ್ಳು ನರೇಂದ್ರನದು, ಹೌದೆಂದರೆ ಸುಳ್ಳೇನೂ ಆಗುತ್ತಿರಲಿಲ್ಲ. ಇಷ್ಟು ದಿನ ಊರಿಗೆಲ್ಲ ಹೇಳಿದ್ದನ್ನು ಇನ್ನೊಂದು ಸಲ ಹೇಳಿದರೆ ಮುಗಿಯುತ್ತಿತ್ತು. ಆದರೆ ಕೈಯಲ್ಲಿ ಇನ್ನೂ ಆ ಮೀನಿನ ಲೋಳೆ ಇತ್ತು.

“ಇದನ್ನ ಕಟ್ಟಿದ್ದು ಅವನು. ಅವನಿಗೆ ಕಲಿಸಿದ್ದು ನಾನು.”

ಶಾಂತಾದೇವಿ ಕಂಕುಳಿನ ಬುಟ್ಟಿಯ ಕಡೆ ನೋಡಿದರು.

“ನಾನು ಕೊಡ್ತಿದ್ದ ಪುರಿ?”

“ಅದನ್ನ ಮೊದ್ಲು ಚೆಲ್ತಿದ್ದೆ. ಮೀನು ಮೇಲೆ ಬರ್ಲಿ ಅಂತ,” ಎಂದ ಚಿದಾನಂದ. ಆಮೇಲೆ ಅವಸರ ಅವಸರವಾಗಿ, “ಒಂದನ್ನೂ ಕೊಂದಿಲ್ಲಮ್ಮ. ಹಿಡಿದು ಬಿಟ್ಬಿಡ್ತಿದ್ದೆ,” ಎಂದ.

“ತಿನ್ನೋಕೂ ಅಲ್ಲ?”

“ಅಲ್ಲ.”

ತಿನ್ನುವುದಕ್ಕಲ್ಲ ಎಂದರೆ ಅಮ್ಮನಿಗೆ ಸಮಾಧಾನವಾದೀತು ಎಂದು ಅವನು ಎಣಿಸಿದ್ದ. ಶಾಂತಾದೇವಿಯ ಮುಖ ಕೆಂಪೇರಿತು. ಗಂಡ ಹೋದಾಗಲೂ ದನಿ ಎತ್ತರಿಸದಿದ್ದ ಹೆಂಗಸು, ಗುಡಿಯ ಬಾಗಿಲಲ್ಲಿದ್ದ ಚನ್ನಬಸವಯ್ಯನಿಗೂ ಕೇಳುವಂತೆ ಮಾತಾಡಿದರು.

“ಬೆಸ್ತರು ಹೊಟ್ಟೆಗೆ ಹಿಡೀತಾರೆ. ಬಲೆ ಬೀಸ್ತಾರೆ. ಮೀನಿಗೂ ಗೊತ್ತಿರತ್ತೆ ಅದು ಬಲೆ ಅಂತ, ಓಡತ್ತೆ, ತಪ್ಪಿಸ್ಕೊಳತ್ತೆ. ನೀನು ನನ್ನ ಕೈ ತೋರಿಸಿ ಹಿಡ್ದೆ.”

ಚಿದಾನಂದ ನಡುಮಟ್ಟದ ನೀರಿನಲ್ಲಿ ನಿಂತಿದ್ದ. ಒತ್ತಿದ ಮುಳ್ಳು, ಒದ್ದೆ ಕೈ, ಗಟ್ಟಿ ದಾರ ಎಲ್ಲವೂ ಬಾಯಿಯವರೆಗೆ ಬಂದು ಅಲ್ಲೇ ನಿಂತವು. ಸಂಗೀತಾ ಇಳಿದು ಬಂದು ಅತ್ತೆಯ ಬೆನ್ನ ಮೇಲೆ ಕೈಯಿಟ್ಟಳು. ಅವಳು ಗಂಡನ ಕಡೆ ನೋಡಲಿಲ್ಲ.

ಶಾಂತಾದೇವಿ ಆ ಸುಳ್ಳು ಪುರಿಯನ್ನು ಅವನ ಕೈಗೇ ಹಾಕಿ ಬೆರಳು ಮಡಚಿದರು. ಸೆರಗಿನಿಂದ ಮುಖ ಒರೆಸಿಕೊಂಡು ಬುಟ್ಟಿಯನ್ನು ಸಿರಿಯ ಕೈಗೆ ಕೊಟ್ಟರು. ಅವನು ನೀರಿನಿಂದ ಮೆಟ್ಟಿಲಿಗೆ ಹತ್ತಿ ಬುಟ್ಟಿಗೆ ಆಸರೆಯಾಗಲು ಕೈ ಚಾಚಿದ. ಆಕೆ ಅಡ್ಡ ಬಂದರು.

“ನೀನು ಮೇಲೆ ಹೋಗು. ನೀನಿದ್ರೆ ಬರಲ್ಲ ಅವು.”

ಚಿದಾನಂದ ಒದ್ದೆ ಪಂಚೆ ಹಿಂಡಿಕೊಳ್ಳದೆ ಮೆಟ್ಟಿಲು ಹತ್ತಿದ. ಗುಡಿ ದಾಟಿ, ಆಲದ ಮರ ದಾಟಿ, ಕಾರು ನಿಲ್ಲಿಸಿದ ಕಡೆ ಹೋಗಿ ನಿಂತ. ಅಲ್ಲಿಂದ ನೀರು ಕಾಣುತ್ತಿರಲಿಲ್ಲ. ಸಿರಿ ಏನಾದರೂ ಕೂಗುತ್ತಾಳೇನೋ, ನೀರು ಬಡಿದ ಸದ್ದಾದರೂ ಕೇಳುತ್ತದೇನೋ ಎಂದು ಕಿವಿಗೊಟ್ಟ. ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದ ಅಮ್ಮ ಮತ್ತೆ ಅಪ್ಪನ ಹೆಸರು ಹಿಡಿದು ಕರೆಯುವುದು ಕೇಳಿಸಿತು, ಈ ಸಲ ಇನ್ನಷ್ಟು ಗಟ್ಟಿಯಾಗಿ.